ಜೀನು ಸರಿಯಾಗಿಯೇ ಇದೆ, ಪ್ರೋಟೀನು ಮಾತ್ರ ಕಾಣೆ: ಎಚ್‌ಪಿವಿ ಮತ್ತು ಪಿ53 ಕುರಿತ ಚರ್ಚೆ

ಪಿಯು ಉಪನ್ಯಾಸಕಿ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ಕ್ಯಾನ್ಸರ್ ಭಾಗದಲ್ಲಿ, ಕೆಲವು ವೈರಸ್ಸುಗಳು ಕ್ಯಾನ್ಸರ್ ತರುತ್ತವೆ, ಅವುಗಳಲ್ಲಿ ವೈರಲ್ ಆಂಕೊಜೀನ್‌ಗಳು, ಅಂದರೆ ಕ್ಯಾನ್ಸರ್ ತರುವ ಜೀನುಗಳು, ಇವೆ ಎಂದಷ್ಟೇ ಹೇಳಿ ಪಠ್ಯಪುಸ್ತಕ ಮುಂದಕ್ಕೆ ಹೋಗಿಬಿಡುತ್ತದೆ. ಈ ಸಲ ಒಬ್ಬ ವಿದ್ಯಾರ್ಥಿನಿ ಅಲ್ಲಿಗೆ ಬಿಡಲಿಲ್ಲ. ಅವಳು ಕೇಳಿದ್ದು ಹೀಗೆ: ಪಿ53 ಎಂಬ ಜೀನು ಕೆಟ್ಟುಹೋದರೆ ಜೀವಕೋಶ ಹಿಡಿತ ತಪ್ಪುತ್ತದೆ, ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ ಎಂದು ಓದಿದ್ದೇವೆ. ಆದರೆ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಬೆಳೆಸುವ ಹೀಲಾ ಜೀವಕೋಶಗಳು 1951ರಲ್ಲಿ ಒಬ್ಬ ಮಹಿಳೆಯ ಗರ್ಭಕೊರಳಿನ ಕ್ಯಾನ್ಸರಿನಿಂದ ತೆಗೆದವು, ಅವುಗಳಲ್ಲಿ ಪಿ53 ಜೀನು ಸರಿಯಾಗಿಯೇ ಇದೆಯಂತೆ. ಹಾಗಿದ್ದ ಮೇಲೆ ಅದು ತನ್ನ ಕೆಲಸವನ್ನು ಏಕೆ ಮಾಡಲಿಲ್ಲ?

ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಅಡ್ಡಿ ಮಾಡುತ್ತದೆ ಎಂದು ಉತ್ತರ ಕೊಟ್ಟಿದ್ದೇನೆ. ಹೇಗೆ ಅಡ್ಡಿ ಮಾಡುತ್ತದೆ ಎಂಬುದನ್ನು ಹದಿನೇಳು ವರ್ಷದ ಮಕ್ಕಳಿಗೆ ಕನ್ನಡದಲ್ಲಿ, ಸುಳ್ಳು ಸರಳತೆಯಿಲ್ಲದೆ ಹೇಳುವುದು ನನ್ನ ಉದ್ದೇಶ. ಈ ವಿಷಯದಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದೀರಿ ಎಂದು ಗೊತ್ತಿರುವುದರಿಂದ ಕೇಳುತ್ತಿದ್ದೇನೆ.

ಸಂಶೋಧನಾರ್ಥಿ, ಯಲಹಂಕ

ಮೇಡಂ, ಆ ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಎಚ್‌ಪಿವಿ ಎಂಬ ವೈರಸ್ಸು ಪಿ53 ಜೀನಿನ ತಂಟೆಗೇ ಹೋಗುವುದಿಲ್ಲ. ಆ ಜೀನಿನಿಂದ ತಯಾರಾಗಿ ಬಂದ ಪ್ರೋಟೀನನ್ನು, ಬಂದ ಹಾಗೆಯೇ, ಜೀವಕೋಶದ ಕೈಯಿಂದಲೇ ನಾಶ ಮಾಡಿಸುತ್ತದೆ.

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೆ ವೆಸ್ಟರ್ನ್ ಬ್ಲಾಟ್ (ಮಾದರಿಯಲ್ಲಿ ಒಂದು ಪ್ರೋಟೀನು ಎಷ್ಟಿದೆ ಎಂದು ನೋಡುವ ವಿಧಾನ) ಕಲಿಸುವಾಗ ಇದನ್ನೇ ಮಾಡಿಸುತ್ತೇವೆ. ಮೂರು ಮಾದರಿಗಳು. ಮೊದಲನೆಯದು ಸುಮ್ಮನೆ ಬೆಳೆದ ಹೀಲಾ ಜೀವಕೋಶ. ಎರಡನೆಯದು, ಎಂಜಿ132 ಎಂಬ ರಾಸಾಯನಿಕದಲ್ಲಿ ಕೆಲವು ಗಂಟೆ ಇಟ್ಟ ಹೀಲಾ. ಪ್ರೋಟೀನುಗಳನ್ನು ಚೂರು ಮಾಡುವ ಪ್ರೋಟಿಯಾಸೋಮ್ ಎಂಬ ವ್ಯವಸ್ಥೆಯನ್ನು ಈ ರಾಸಾಯನಿಕ ನಿಲ್ಲಿಸುತ್ತದೆ. ಮೂರನೆಯದು ಸಿ33ಎ, ಇದೂ ಗರ್ಭಕೊರಳಿನ ಕ್ಯಾನ್ಸರಿನಿಂದಲೇ ಬಂದ ಜೀವಕೋಶ, ಆದರೆ ಇದರಲ್ಲಿ ಎಚ್‌ಪಿವಿ ಇಲ್ಲ. ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ, ಪೊರೆಗೆ ವರ್ಗಾಯಿಸಿ, ಪಿ53 ಗುರುತಿಸುವ ಆಂಟಿಬಾಡಿ ಹಾಕಿ ನೋಡಿದರೆ, ಮೊದಲನೆಯ ಸಾಲಿನಲ್ಲಿ ಪಟ್ಟಿ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ. ಬಹಳ ಹೊತ್ತು ಎಕ್ಸ್‌ಪೋಸ್ ಮಾಡಿದರೆ ಮಸುಕಾದ ಒಂದು ಗೆರೆ ಕಾಣಬಹುದು. ಎರಡನೆಯದರಲ್ಲಿ ಸ್ಪಷ್ಟವಾದ ಪಟ್ಟಿ. ಅಂದರೆ ಪ್ರೋಟೀನು ತಯಾರಾಗುತ್ತಲೇ ಇತ್ತು, ಉಳಿಯುತ್ತಿರಲಿಲ್ಲ. ಮೂರನೆಯದರಲ್ಲಿ ಕಪ್ಪನೆಯ ದಪ್ಪ ಪಟ್ಟಿ. ಹೊಸಬರಲ್ಲಿ ಒಬ್ಬರಾದರೂ, ಹಾಗಾದರೆ ಸಿ33ಎ ತಾನೇ ಹೆಚ್ಚು ಆರೋಗ್ಯವಾಗಿರುವುದು ಎಂದು ಕೇಳಿಯೇ ಕೇಳುತ್ತಾರೆ. ಅದರ ಪಿ53 ಜೀನೇ ಕೆಟ್ಟಿದೆ. ಕೆಲಸಕ್ಕೆ ಬಾರದ ಪ್ರೋಟೀನು ತೆರವಾಗದೆ ತುಂಬಿಕೊಂಡಿದೆ. ಎಚ್‌ಪಿವಿ ಇರುವ ಗರ್ಭಕೊರಳಿನ ಕ್ಯಾನ್ಸರ್ ಜೀವಕೋಶಗಳಲ್ಲಿ ಪಿ53 ಜೀನು ಸಾಮಾನ್ಯವಾಗಿ ಸರಿಯಿರುತ್ತದೆ, ವೈರಸ್ಸಿಲ್ಲದವುಗಳಲ್ಲಿ ಕೆಟ್ಟಿರುತ್ತದೆ ಎಂಬುದು 1991ರಲ್ಲೇ ವರದಿಯಾಯಿತು.

ಇನ್ನು ಒಳಗಿನ ವ್ಯವಹಾರ. ಆರೋಗ್ಯವಂತ ಜೀವಕೋಶದಲ್ಲೂ ಪಿ53 ಹೆಚ್ಚು ಹೊತ್ತು ಬಾಳುವುದಿಲ್ಲ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಇದ್ದುದರಲ್ಲಿ ಅರ್ಧ ಹೋಗಿರುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಅದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಸುತ್ತದೆ, ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ಚೂರು ಮಾಡುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಮಾತ್ರ ಎಂಡಿಎಂ2 ಹಿಡಿತ ಸಡಿಲವಾಗಿ, ಪಿ53 ಶೇಖರವಾಗಿ, ವಿಭಜನೆಯನ್ನು ನಿಲ್ಲಿಸುವ ಅಥವಾ ಜೀವಕೋಶವನ್ನೇ ಸಾಯಿಸುವ ಜೀನುಗಳನ್ನು ಎಬ್ಬಿಸುತ್ತದೆ. ಎಚ್‌ಪಿವಿ ಇರುವ ಜೀವಕೋಶದಲ್ಲಿ ಈ ಏರ್ಪಾಟೇ ಬದಲಾಗುತ್ತದೆ. ವೈರಸ್ಸಿನ ಇ6 ಎಂಬ ಪ್ರೋಟೀನು ಸುಮಾರು 150 ಅಮೈನೋ ಆಮ್ಲಗಳಷ್ಟು ಚಿಕ್ಕದು, ಅದಕ್ಕೆ ಯುಬಿಕ್ವಿಟಿನ್ ಅಂಟಿಸುವ ಶಕ್ತಿಯಿಲ್ಲ. ಆ ಶಕ್ತಿಯಿರುವ ಇ6ಎಪಿ ಎಂಬ ನಮ್ಮದೇ ಕಿಣ್ವ ತಾನಾಗಿ ಪಿ53 ಹತ್ತಿರ ಹೋಗುವುದಿಲ್ಲ. ಸೈಟು ವ್ಯವಹಾರದ ದಲ್ಲಾಳಿ ತಾನು ಕೊಳ್ಳದೆ, ತಾನು ಮಾರದೆ, ಪರಸ್ಪರ ಪರಿಚಯವಿಲ್ಲದ ಇಬ್ಬರನ್ನು ಒಂದೇ ಮೇಜಿಗೆ ಕೂರಿಸುವಂತೆ, ಇ6 ಮೊದಲು ಇ6ಎಪಿಯನ್ನು ಹಿಡಿಯುತ್ತದೆ, ಆಮೇಲೆ ಆ ಜೋಡಿ ಪಿ53ಯನ್ನು ಹಿಡಿಯುತ್ತದೆ. ಇ6 ಇದ್ದರೆ ಪಿ53 ನಾಶವಾಗುತ್ತದೆ ಎಂದು 1990ರಲ್ಲಿ ತೋರಿಸಿದರು, 1993ರಲ್ಲಿ ಇ6ಎಪಿಯ ಪಾತ್ರ ಖಚಿತವಾಯಿತು, ಮೂರೂ ಒಟ್ಟಿಗೆ ಕೂಡಿದ ಆಕಾರ 2016ರಲ್ಲಿ ಕಣ್ಣಿಗೆ ಬಿತ್ತು.

ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ಸಂಶೋಧನಾರ್ಥಿಗಳು ವಿವರಿಸಿದ ಬ್ಲಾಟ್ ಪಾಠಕ್ಕೆ ಬಹಳ ಒಪ್ಪುತ್ತದೆ; ಮೂರು ಸಾಲುಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದರೆ ಸಾಕು. ಆದರೆ ಚರ್ಚೆ ಪಿ53 ಒಂದರ ಮೇಲೆಯೇ ನಿಂತಿರುವುದು ನನಗೆ ಸಮಾಧಾನ ತಂದಿಲ್ಲ. ವೈರಸ್ಸಿನ ಇ7 ಎಂಬ ಇನ್ನೊಂದು ಪ್ರೋಟೀನು ಮತ್ತು ನಮ್ಮ ಜೀವಕೋಶದ ಆರ್‌ಬಿ ಪ್ರೋಟೀನಿನ ಕಥೆಯನ್ನು ಬಿಟ್ಟರೆ, ವೈರಸ್ಸು ಇಷ್ಟೆಲ್ಲ ಶ್ರಮ ಪಡುವುದು ಏತಕ್ಕೆ ಎಂಬುದೇ ಮಕ್ಕಳಿಗೆ ತಿಳಿಯುವುದಿಲ್ಲ.

ಎಚ್‌ಪಿವಿಯ ಇಡೀ ಡಿಎನ್‌ಎ ಸುಮಾರು 8,000 ಜೋಡಿ ಅಕ್ಷರಗಳಷ್ಟು. ಅಷ್ಟರಲ್ಲಿ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವಕ್ಕೆ ಜಾಗವಿಲ್ಲ. ಆ ಕಿಣ್ವವನ್ನೂ ಕಚ್ಚಾ ಸಾಮಗ್ರಿಯನ್ನೂ ಅದು ನಮ್ಮ ಜೀವಕೋಶದಿಂದಲೇ ಪಡೆಯಬೇಕು, ಮತ್ತು ಜೀವಕೋಶ ಇವನ್ನು ಸಿದ್ಧ ಮಾಡಿಕೊಳ್ಳುವುದು ವಿಭಜನೆಗೆ ಮುಂಚಿನ ಎಸ್ ಹಂತದಲ್ಲಿ. ತೊಡಕು ಇಲ್ಲಿದೆ. ಈ ವೈರಸ್ಸು ಚರ್ಮ ಮತ್ತು ಲೋಳೆಪೊರೆಯ ಸಣ್ಣ ಗಾಯಗಳ ಮೂಲಕ ಒಳಹೊಕ್ಕು ತಳಪದರದ ಜೀವಕೋಶಗಳಲ್ಲಿ ನೆಲೆಸುತ್ತದೆ, ಆದರೆ ಹೇರಳವಾಗಿ ಮರಿ ಮಾಡಬೇಕಾದದ್ದು ಮೇಲ್ಪದರಗಳಲ್ಲಿ, ಅಲ್ಲಿನ ಜೀವಕೋಶಗಳು ವಿಭಜನೆಯನ್ನು ನಿಲ್ಲಿಸಿಯಾಗಿರುತ್ತದೆ. ನಿಂತದ್ದನ್ನು ಮತ್ತೆ ಎಸ್ ಹಂತಕ್ಕೆ ನೂಕದೆ ವೈರಸ್ಸಿಗೆ ಬೇರೆ ದಾರಿಯಿಲ್ಲ.

ನಿಲ್ಲಿಸಿ ಇಟ್ಟಿರುವುದು ಆರ್‌ಬಿ ಪ್ರೋಟೀನು. ಅದು ಇ2ಎಫ್ ಎಂಬ ಪ್ರೋಟೀನುಗಳನ್ನು ಹಿಡಿದು ಇಟ್ಟುಕೊಂಡಿರುವ ತನಕ ಎಸ್ ಹಂತದ ಜೀನುಗಳು ಎದ್ದೇಳುವುದಿಲ್ಲ. ಇ7 ಬಂದು ಆರ್‌ಬಿಗೆ ಅಂಟಿಕೊಂಡರೆ ಇ2ಎಫ್ ಬಿಡುಗಡೆಯಾಗುತ್ತದೆ. ಜೊತೆಗೆ ಎಚ್‌ಪಿವಿಯ 16ನೆಯ ಬಗೆಯ ಇ7 ಆರ್‌ಬಿಯನ್ನು ನಾಶಕ್ಕೂ ತಳ್ಳುತ್ತದೆ. ಅಂಟಿಕೊಳ್ಳುವ ಭಾಗ ಐದೇ ಅಮೈನೋ ಆಮ್ಲಗಳದು: ಲ್ಯೂಸಿನ್, ಯಾವುದಾದರೂ ಒಂದು, ಸಿಸ್ಟೀನ್, ಯಾವುದಾದರೂ ಒಂದು, ಗ್ಲುಟಮೇಟ್. ಇದೇ ವಿನ್ಯಾಸ ಅಡೆನೊವೈರಸ್ಸಿನ ಇ1ಎ ಪ್ರೋಟೀನಿನಲ್ಲೂ ಇದೆ, ಮಂಗಗಳ ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಪ್ರೋಟೀನಿನಲ್ಲೂ ಇದೆ. 1988ರಲ್ಲಿ ಇ1ಎ ಮತ್ತು ಲಾರ್ಜ್ ಟಿ, 1989ರಲ್ಲಿ ಇ7 ಆರ್‌ಬಿಯನ್ನು ಹಿಡಿಯುತ್ತವೆ ಎಂದು ಗೊತ್ತಾಯಿತು. ಮೂರು ಬೇರೆ ಬೇರೆ ಕುಟುಂಬದ ವೈರಸ್ಸುಗಳು ಒಂದೇ ಪ್ರೋಟೀನಿನ ಒಂದೇ ಸಂದಿಯನ್ನು ಹುಡುಕಿಕೊಂಡಿವೆ ಎಂದರೆ, ಆ ಸಂದಿ ಜೀವಕೋಶಕ್ಕೆ ಎಷ್ಟು ಮುಖ್ಯ ಎಂಬುದನ್ನು ನಮಗೆ ವೈರಸ್ಸುಗಳೇ ತೋರಿಸಿಕೊಟ್ಟವು. ಪಿ53 ಕೂಡ ಹೀಗೆಯೇ ಸಿಕ್ಕಿದ್ದು. 1979ರಲ್ಲಿ ಲಾರ್ಜ್ ಟಿಯನ್ನು ಹೊರಗೆಳೆದಾಗ ಅದಕ್ಕೆ ಅಂಟಿಕೊಂಡು ಬಂದ ಅಪರಿಚಿತ ಪ್ರೋಟೀನು ಅದು. ಹತ್ತು ವರ್ಷಗಳ ಕಾಲ ಅದು ಕ್ಯಾನ್ಸರ್ ತರುವ ಪ್ರೋಟೀನು ಎಂದೇ ಎಲ್ಲರೂ ಎಣಿಸಿದ್ದರು, 1989ರ ಹೊತ್ತಿಗಷ್ಟೇ ಅದು ಗೆಡ್ಡೆಯನ್ನು ತಡೆಯುವ ಪ್ರೋಟೀನು ಎಂಬುದು ನಿಶ್ಚಿತವಾಯಿತು.

ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಜೀವಶಾಸ್ತ್ರ ಬಿಟ್ಟು ಬಹಳ ವರ್ಷಗಳಾದವನು ನಾನು, ಆದರೂ ಪ್ರಾಧ್ಯಾಪಕರ ಮಾತು ಅರ್ಥವಾಯಿತು. ಒಂದು ಸಂದೇಹ. ಎಸ್ ಹಂತಕ್ಕೆ ನೂಕಲು ಇ7 ಒಂದೇ ಸಾಕಾದರೆ ಇ6 ಏಕೆ ಬೇಕು? ಅಷ್ಟು ಚಿಕ್ಕ ಡಿಎನ್‌ಎಯಲ್ಲಿ ವೈರಸ್ಸು ಎರಡನೆಯ ಪ್ರೋಟೀನಿಗೆ ಜಾಗ ಕೊಟ್ಟಿದೆ ಎಂದರೆ ಅದು ಬರೀ ಹೆಚ್ಚುವರಿಯಾಗಿರಲಾರದು.

ಸಂಶೋಧನಾರ್ಥಿ, ಯಲಹಂಕ

ಹೆಚ್ಚುವರಿಯಲ್ಲ, ಅನಿವಾರ್ಯ. ಆರ್‌ಬಿಯನ್ನು ಬದಿಗೆ ಸರಿಸಿದ ಕೂಡಲೇ ಜೀವಕೋಶಕ್ಕೆ ಏನೋ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ. ಬಿಡುಗಡೆಯಾದ ಇ2ಎಫ್ ತಾನು ಎಬ್ಬಿಸುವ ಜೀನುಗಳ ಪೈಕಿ ಎಆರ್‌ಎಫ್ ಎಂಬುದನ್ನೂ ಎಬ್ಬಿಸುತ್ತದೆ. ಎಆರ್‌ಎಫ್ ಹೋಗಿ ಎಂಡಿಎಂ2ಅನ್ನು ತಡೆಯುತ್ತದೆ, ಎಂಡಿಎಂ2 ನಿಂತರೆ ಪಿ53 ಶೇಖರವಾಗುತ್ತದೆ, ಶೇಖರವಾದ ಪಿ53 ಜೀವಕೋಶವನ್ನು ನಿಲ್ಲಿಸುತ್ತದೆ ಅಥವಾ ಸಾಯಿಸುತ್ತದೆ. ಆದ್ದರಿಂದ ಇ7 ಒಂಟಿಯಾಗಿ ಕೆಲಸ ಮಾಡಿದರೆ ಜೀವಕೋಶ ವೈರಸ್ಸಿನ ಸಮೇತ ಸತ್ತುಹೋಗುವ ಸಂಭವವೇ ಹೆಚ್ಚು. ಇ6 ದಾರಿಯಲ್ಲಿ ಎಂಡಿಎಂ2 ಬೇಕಾಗಿಯೇ ಇಲ್ಲದ ಕಾರಣ ಎಆರ್‌ಎಫ್ ಎಷ್ಟು ಏರಿದರೂ ಪ್ರಯೋಜನವಾಗುವುದಿಲ್ಲ, ಪಿ53 ತೆರವಾಗುತ್ತಲೇ ಇರುತ್ತದೆ.

ಅಡೆನೊವೈರಸ್ಸಿನಲ್ಲೂ ಇದೇ ಜೋಡಿಯಿದೆ. ಇ1ಎ ಆರ್‌ಬಿಯ ಮೇಲೆ, ಇ1ಬಿ 55ಕೆ ಎಂಬುದು ಪಿ53 ಮೇಲೆ. ಎಸ್‌ವಿ40 ಮಾತ್ರ ಎರಡೂ ಕೆಲಸವನ್ನು ಲಾರ್ಜ್ ಟಿ ಎಂಬ ಒಂದೇ ಪ್ರೋಟೀನಿಗೆ ವಹಿಸಿದೆ, ಮತ್ತು ಅದು ಪಿ53ಯನ್ನು ನಾಶ ಮಾಡುವುದಿಲ್ಲ, ಹಿಡಿದು ಇಟ್ಟುಕೊಳ್ಳುತ್ತದೆ. ಹೀಗಾಗಿ ಲಾರ್ಜ್ ಟಿ ಇರುವ ಜೀವಕೋಶಗಳಲ್ಲಿ ಪಿ53 ಕಡಿಮೆಯಾಗುವ ಬದಲು ತುಂಬಿಕೊಂಡಿರುತ್ತದೆ. ಪ್ರಾಧ್ಯಾಪಕರು ಹೇಳಿದ ಆ ಹತ್ತು ವರ್ಷಗಳ ಗೊಂದಲಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ: ಗೆಡ್ಡೆಯ ಜೀವಕೋಶದಲ್ಲಿ ಹೇರಳವಾಗಿ ಸಿಗುವ ಪ್ರೋಟೀನು ಗೆಡ್ಡೆಯನ್ನು ತಡೆಯುವಂಥದ್ದು ಎಂದು ಯಾರು ತಾನೇ ಊಹಿಸಿಯಾರು?

ಎಚ್‌ಪಿವಿಗಳೆಲ್ಲ ಒಂದೇ ಸಮನಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ನರುಳ್ಳೆ ತರುವ 6 ಮತ್ತು 11ನೆಯ ಬಗೆಗಳಲ್ಲೂ ಇ6, ಇ7 ಇವೆ. ಆದರೆ ಅವುಗಳ ಇ7 ಆರ್‌ಬಿಯನ್ನು ಸಡಿಲವಾಗಿ ಹಿಡಿಯುತ್ತದೆ, ಅವುಗಳ ಇ6 ಪಿ53ಯನ್ನು ನಾಶ ಮಾಡುವುದಿಲ್ಲ. 16 ಮತ್ತು 18ನೆಯ ಬಗೆಗಳು ಎರಡನ್ನೂ ಬಿಗಿಯಾಗಿ ಮಾಡುತ್ತವೆ.

ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ಒಪ್ಪಿದೆ. ಒಂದನ್ನು ಸೇರಿಸುತ್ತೇನೆ. ಈಸ್ಟ್ರೊಜೆನ್ ಕೊಟ್ಟು ಸಾಕಿದ ಇಲಿಗಳಲ್ಲಿ ಇ6 ಮತ್ತು ಇ7ಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇ7 ಒಂದರಿಂದಲೇ ಗರ್ಭಕೊರಳಿನ ಕ್ಯಾನ್ಸರ್ ಬಂದಿತ್ತು. ಇ6 ಜೊತೆಗೂಡಿದಾಗ ಗೆಡ್ಡೆಗಳು ಇನ್ನೂ ದೊಡ್ಡದಾದವು. ಆದ್ದರಿಂದ ಎರಡರಲ್ಲಿ ಮುಖ್ಯವಾದದ್ದು ಯಾವುದು ಎಂದು ಕೇಳಿದರೆ ನಾನು ಇ7 ಕಡೆಗೇ ವಾಲುತ್ತೇನೆ. ಪಿ53ಗೆ ಇರುವ ಪ್ರಸಿದ್ಧಿಯಿಂದಾಗಿ ಇ6 ಹೆಚ್ಚು ಪುಟಗಳನ್ನು ಪಡೆಯುತ್ತಿದೆ ಅಷ್ಟೆ.

ಇಬ್ಬರು ಹೆಣ್ಣುಮಕ್ಕಳ ತಂದೆ, ವಿಜಯನಗರ

ದಯವಿಟ್ಟು ನನ್ನ ಪ್ರಶ್ನೆಯನ್ನು ಅಪಹಾಸ್ಯ ಮಾಡಬೇಡಿ. ದೊಡ್ಡ ಮಗಳಿಗೆ ಹನ್ನೆರಡು ವರ್ಷ. ಮಕ್ಕಳ ವೈದ್ಯರು ಎಚ್‌ಪಿವಿ ಲಸಿಕೆ ಹಾಕಿಸಿ ಎಂದಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಂದೇಶವೊಂದರಲ್ಲಿ, ಲಸಿಕೆಯಲ್ಲಿ ವೈರಸ್ಸಿನ ಪ್ರೋಟೀನನ್ನೇ ಚುಚ್ಚುತ್ತಾರೆ, ಅದೇ ಪ್ರೋಟೀನು ಕ್ಯಾನ್ಸರ್ ತರುತ್ತದೆ ಎಂದು ಬರೆದಿದ್ದರು. ಇಲ್ಲಿ ನೀವೆಲ್ಲ ವೈರಸ್ಸಿನ ಪ್ರೋಟೀನು ಏನೇನು ಮಾಡುತ್ತದೆ ಎಂದು ಬರೆದುದನ್ನು ಓದಿದ ಮೇಲೆ ನನಗೆ ಭಯ ಹೆಚ್ಚಾಗಿದೆ. ಅದೇ ಸಂದೇಶದಲ್ಲಿ ಹಿಂದೆ ಪೋಲಿಯೊ ಲಸಿಕೆಯಲ್ಲಿ ಮಂಗನ ವೈರಸ್ಸು ಇತ್ತು ಎಂದೂ ಇತ್ತು. ಇದು ನಿಜವೇ?

ಪೆಥಾಲಜಿಸ್ಟ್, ಜಯನಗರ

ಕೇಳಿದ್ದು ಒಳ್ಳೆಯದಾಯಿತು, ಸರ್. ಮೊದಲು ನಿಮ್ಮ ಮಗಳ ವಿಷಯ. ಲಸಿಕೆಯಲ್ಲಿರುವುದು ಎಲ್1 ಎಂಬ ಪ್ರೋಟೀನು ಮಾತ್ರ. ಅದು ವೈರಸ್ಸಿನ ಹೊರಕವಚದ ಪ್ರೋಟೀನು. ಈ ಚರ್ಚೆಯಲ್ಲಿ ಬಂದ ಇ6 ಆಗಲಿ ಇ7 ಆಗಲಿ ಅದರಲ್ಲಿಲ್ಲ, ವೈರಸ್ಸಿನ ಡಿಎನ್‌ಎಯೂ ಇಲ್ಲ. ಎಲ್1 ಪ್ರೋಟೀನನ್ನು ಯೀಸ್ಟ್ ಅಥವಾ ಕೀಟದ ಜೀವಕೋಶಗಳಲ್ಲಿ ತಯಾರಿಸಿದರೆ ಅದು ತಾನಾಗಿಯೇ ಕೂಡಿಕೊಂಡು ವೈರಸ್ಸಿನ ಆಕಾರದ ಟೊಳ್ಳು ಗುಂಡಾಗುತ್ತದೆ. ದೇಹ ಅದನ್ನು ನೋಡಿ ಆಂಟಿಬಾಡಿ ತಯಾರಿಸಿಕೊಳ್ಳುತ್ತದೆ, ಮುಂದೆ ನಿಜವಾದ ವೈರಸ್ಸು ಬಂದಾಗ ಅದು ಜೀವಕೋಶದೊಳಕ್ಕೆ ಹೋಗುವ ಮೊದಲೇ ತಡೆಯಾಗುತ್ತದೆ. ಇ6, ಇ7 ತಯಾರಾಗಬೇಕಾದರೆ ವೈರಸ್ಸಿನ ಡಿಎನ್‌ಎ ಜೀವಕೋಶದ ಒಳಗೆ ಸೇರಿರಬೇಕು; ಆ ಹಂತಕ್ಕೇ ಲಸಿಕೆ ಅವಕಾಶ ಕೊಡುವುದಿಲ್ಲ. ಇದೇ ಕಾರಣದಿಂದ ಈಗಾಗಲೇ ಒಳಸೇರಿದ ಸೋಂಕನ್ನು ಅದು ಗುಣಪಡಿಸಲಾರದು, ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಕೊಟ್ಟಿರುವುದು. ನಿಮ್ಮ ಮಗಳದು ಸರಿಯಾದ ವಯಸ್ಸು.

ಭಾರತದಲ್ಲಿ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿ, 2023ರ ಜನವರಿಯಲ್ಲಿ ಅದು ಬಿಡುಗಡೆಯಾಯಿತು. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣವಾದ 16 ಮತ್ತು 18ನೆಯ ಬಗೆಗಳನ್ನು ಈ ಲಸಿಕೆಗಳೆಲ್ಲ ಒಳಗೊಂಡಿವೆ. ಉಳಿದ ಬಗೆಗಳೂ ಇರುವುದರಿಂದ ಲಸಿಕೆ ಪಡೆದವರೂ ಮೂವತ್ತರ ನಂತರ ತಪಾಸಣೆ ಮಾಡಿಸಿಕೊಳ್ಳಬೇಕು. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಬೆಂಗಳೂರಿನ ಮಹಿಳೆಯರಲ್ಲಿ ಈಗ ಸ್ತನ ಕ್ಯಾನ್ಸರ್ ಇದನ್ನು ಹಿಂದೆ ಹಾಕಿದೆ ಎಂಬುದು ಕಿದ್ವಾಯಿ ಸಂಸ್ಥೆಯಲ್ಲಿರುವ ಕ್ಯಾನ್ಸರ್ ನೋಂದಣಿಯಿಂದ ತಿಳಿಯುತ್ತದೆ. ಅಷ್ಟರಿಂದ ಗರ್ಭಕೊರಳಿನ ಕ್ಯಾನ್ಸರ್ ನಗರದಿಂದ ಹೋಯಿತು ಎಂದು ಯಾರೂ ತಿಳಿಯಬಾರದು. ತಡವಾಗಿ ಬಂದವರ ಬಯಾಪ್ಸಿಗಳು ನನ್ನ ಮೇಜಿಗೆ ಈಗಲೂ ಬರುತ್ತಿವೆ.

ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ಪೋಲಿಯೊ ಲಸಿಕೆಯ ಮಾತಿಗೆ ನಾನು ಉತ್ತರಿಸುತ್ತೇನೆ. ನಡೆದದ್ದು ನಿಜ, ಮುಚ್ಚಿಡುವಂಥದ್ದಲ್ಲ. ಆಗ ಪೋಲಿಯೊ ವೈರಸ್ಸನ್ನು ಮಂಗಗಳ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುತ್ತಿದ್ದರು, ಅವುಗಳಲ್ಲಿ ಎಸ್‌ವಿ40 ಮೊದಲೇ ಸೇರಿಕೊಂಡಿತ್ತು. 1955ರಿಂದ 1963ರ ನಡುವೆ ಅಮೆರಿಕದಲ್ಲಿ ಕೊಟ್ಟ ಲಸಿಕೆಯಲ್ಲಿ ಒಂದು ಭಾಗ ಹೀಗೆ ಕಲುಷಿತವಾಗಿತ್ತು. 1960ರಲ್ಲಿ ವೈರಸ್ಸು ಪತ್ತೆಯಾಯಿತು, ಅದು ಹ್ಯಾಮ್‌ಸ್ಟರ್ ಮರಿಗಳಲ್ಲಿ ಗೆಡ್ಡೆ ತರುತ್ತದೆ ಎಂದು ತಿಳಿದ ಮೇಲೆ ಲಸಿಕೆಯನ್ನು ಅದರಿಂದ ಮುಕ್ತಗೊಳಿಸುವ ನಿಯಮಗಳು ಬಂದವು. ಆ ಲಸಿಕೆ ಪಡೆದವರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನಗಳಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬಂದಿಲ್ಲ.

ಇಲ್ಲಿ ಕಲಿಯಬೇಕಾದ ಜೀವಶಾಸ್ತ್ರವೂ ಇದೆ. ವೈರಸ್ಸಿನ ಪ್ರೋಟೀನು ಪಿ53ಯನ್ನು ಹಿಡಿಯುತ್ತದೆ ಎಂದ ಮಾತ್ರಕ್ಕೆ ಆ ವೈರಸ್ಸು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದಾಗುವುದಿಲ್ಲ. ನೆಗಡಿ, ಕಣ್ಣು ಕೆಂಪಾಗುವುದು ಮುಂತಾದವನ್ನು ತರುವ ಅಡೆನೊವೈರಸ್ಸುಗಳು ನಮ್ಮಲ್ಲಿ ಎಲ್ಲರಿಗೂ ಒಂದಲ್ಲ ಒಂದು ಸಲ ಬಂದಿರುತ್ತವೆ. ಪಿ53, ಆರ್‌ಬಿ ಎರಡನ್ನೂ ಅವು ಪಕ್ಕಕ್ಕೆ ಸರಿಸುತ್ತವೆ. 12ನೆಯ ಬಗೆ ಹ್ಯಾಮ್‌ಸ್ಟರುಗಳಲ್ಲಿ ಗೆಡ್ಡೆ ತರುತ್ತದೆ ಎಂದು 1962ರಲ್ಲೇ ಕಂಡಿದ್ದರು. ಆದರೂ ಮನುಷ್ಯರಲ್ಲಿ ಅವು ಕ್ಯಾನ್ಸರ್ ತರುವುದು ಕಂಡಿಲ್ಲ. ನಮ್ಮ ಜೀವಕೋಶದಲ್ಲಿ ಅವು ತಮ್ಮ ಕೆಲಸವನ್ನು ಪೂರ್ತಿ ಮಾಡಿ, ಜೀವಕೋಶವನ್ನು ಒಡೆದು ಹೊರಬರುತ್ತವೆ. ಸತ್ತ ಜೀವಕೋಶ ಗೆಡ್ಡೆಯಾಗುವುದೆಲ್ಲಿ? ಹ್ಯಾಮ್‌ಸ್ಟರಿನ ಜೀವಕೋಶದಲ್ಲಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಜೀವಕೋಶ ಬದುಕಿ ಉಳಿಯುತ್ತದೆ, ಇ1ಎ ಮತ್ತು ಇ1ಬಿ ಒಳಗೇ ಉಳಿದುಬಿಡುತ್ತವೆ.

ಮನುಷ್ಯರಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ 2008ರಲ್ಲಿ ಪತ್ತೆಯಾದ ಮರ್ಕೆಲ್ ಸೆಲ್ ಪಾಲಿಯೋಮಾವೈರಸ್ಸನ್ನು ನೋಡಬೇಕು. ಗೆಡ್ಡೆಯಲ್ಲಿ ಅದರ ಲಾರ್ಜ್ ಟಿ ಪ್ರೋಟೀನು ಮೊಟಕಾಗಿರುತ್ತದೆ. ವೈರಸ್ಸಿನ ಡಿಎನ್‌ಎ ನಕಲಿಗೆ ಬೇಕಾದ ಭಾಗ ಹೋಗಿರುತ್ತದೆ, ಆರ್‌ಬಿಯನ್ನು ಹಿಡಿಯುವ ಐದು ಅಮೈನೋ ಆಮ್ಲಗಳ ವಿನ್ಯಾಸ ಉಳಿದಿರುತ್ತದೆ. ವೈರಸ್ಸು ಇನ್ನು ಮರಿ ಮಾಡಲಾರದು, ಜೀವಕೋಶ ಇನ್ನು ನಿಲ್ಲಲಾರದು. ಕ್ಯಾನ್ಸರಿನಿಂದ ವೈರಸ್ಸಿಗೆ ಕಿಂಚಿತ್ತೂ ಲಾಭವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಪಿಯು ಉಪನ್ಯಾಸಕಿ, ರಾಜಾಜಿನಗರ

ಎಲ್ಲರಿಗೂ ಧನ್ಯವಾದಗಳು. ಈಗ ಅದೇ ಹುಡುಗಿ ಮುಂದೆ ಕೇಳಬಹುದಾದ ಪ್ರಶ್ನೆ ನನಗೇ ಹೊಳೆಯುತ್ತಿದೆ. ಎಚ್‌ಪಿವಿ ಸೋಂಕು ಬಹಳ ಸಾಮಾನ್ಯ, ಹೆಚ್ಚಿನವು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಹೋಗುತ್ತವೆ ಎನ್ನುತ್ತಾರೆ. ಕ್ಯಾನ್ಸರ್ ಬರಲು ಹದಿನೈದು ಇಪ್ಪತ್ತು ವರ್ಷ ಬೇಕು ಎನ್ನುತ್ತಾರೆ. ಇ6, ಇ7 ಮೊದಲ ದಿನದಿಂದಲೇ ಇದ್ದರೆ ಇಷ್ಟು ತಡವೇಕೆ?

ಸಂಶೋಧನಾರ್ಥಿ, ಯಲಹಂಕ

ಮೊದಲಿನಿಂದಲೂ ಇರುತ್ತವೆ, ಆದರೆ ಅಳತೆಯಲ್ಲಿ ಇರುತ್ತವೆ. ಎಚ್‌ಪಿವಿಯಲ್ಲಿ ಇ2 ಎಂಬ ಇನ್ನೊಂದು ಪ್ರೋಟೀನಿದೆ. ಅದು ಇ6, ಇ7 ಹೆಚ್ಚು ತಯಾರಾಗದಂತೆ ಹದ್ದುಬಸ್ತಿನಲ್ಲಿ ಇಡುತ್ತದೆ. ವೈರಸ್ಸಿನ ಡಿಎನ್‌ಎ ವೃತ್ತಾಕಾರವಾಗಿ, ನಮ್ಮ ವರ್ಣತಂತುಗಳಿಂದ ಪ್ರತ್ಯೇಕವಾಗಿ ಇರುವವರೆಗೆ ಈ ಏರ್ಪಾಟು ನಡೆಯುತ್ತದೆ. ಸೋಂಕು ಹೋಗದೆ ವರ್ಷಗಟ್ಟಲೆ ಉಳಿದವರಲ್ಲಿ, ಎಂದೋ ಒಂದು ಜೀವಕೋಶದಲ್ಲಿ ಆ ವೃತ್ತ ತುಂಡಾಗಿ ನಮ್ಮ ವರ್ಣತಂತುವಿನೊಳಕ್ಕೆ ಸೇರಿಬಿಡುತ್ತದೆ. ತುಂಡಾಗುವ ಜಾಗ ಅನೇಕ ಸಲ ಇ2 ಒಳಗೇ ಇರುತ್ತದೆ. ಇ2 ಹೋದರೆ ಇ6, ಇ7ಗೆ ಅಂಕೆಯಿಲ್ಲ. ಎಲ್ಲ ಕ್ಯಾನ್ಸರುಗಳಲ್ಲೂ ಹೀಗೇ ಆಗಿರುತ್ತದೆ ಎಂದಲ್ಲ. ಎಚ್‌ಪಿವಿ 16 ಇರುವ ಕೆಲವು ಗೆಡ್ಡೆಗಳಲ್ಲಿ ವೃತ್ತಾಕಾರದ ಡಿಎನ್‌ಎಯೇ ಉಳಿದಿರುತ್ತದೆ.

ಅಂಕೆ ತಪ್ಪಿದ ಮಾತ್ರಕ್ಕೆ ಆ ದಿನವೇ ಕ್ಯಾನ್ಸರ್ ಆಗುವುದಿಲ್ಲ. ಪಿ53 ಇಲ್ಲದ ಜೀವಕೋಶ ಡಿಎನ್‌ಎಗೆ ಪೆಟ್ಟಾದರೂ ನಿಲ್ಲದೆ ವಿಭಜನೆಯಾಗುತ್ತದೆ, ದೋಷಗಳು ಒಂದರ ಮೇಲೊಂದು ಸೇರುತ್ತವೆ, ಅವುಗಳಲ್ಲಿ ಕೆಲವು ಜೀವಕೋಶಕ್ಕೆ ಹೆಚ್ಚು ಬೆಳೆಯುವ, ನೆರೆಯ ಅಂಗಾಂಶಕ್ಕೆ ನುಗ್ಗುವ ಶಕ್ತಿ ಕೊಡುತ್ತವೆ. ಆ ವರ್ಷಗಳು ಹೋಗುವುದು ಇದರಲ್ಲಿ. ತಪಾಸಣೆಗೆ ಸಿಗುವ ಕಾಲಾವಕಾಶವೂ ಅದೇ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಯೋಗ 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಪ್ರಕಟವಾದದ್ದು. ಅವರು ಹೀಲಾ ಜೀವಕೋಶಗಳಿಗೆ ಇ2ಅನ್ನು ಮರಳಿ ಕೊಟ್ಟರು. ಇ6, ಇ7 ತಯಾರಿಕೆ ನಿಂತಿತು. ಪಿ53 ಮತ್ತು ಆರ್‌ಬಿ ದಾರಿಗಳು ಮತ್ತೆ ಚಾಲೂ ಆದವು, ಅರ್ಧ ಶತಮಾನ ಬಿಡುವಿಲ್ಲದೆ ವಿಭಜನೆಯಾಗುತ್ತ ಬಂದಿದ್ದ ಜೀವಕೋಶಗಳು ಮುದಿಯಾಗಿ ನಿಂತುಬಿಟ್ಟವು. ಅಷ್ಟು ವರ್ಷಗಳ ಮೇಲೂ ಆ ಜೀನುಗಳು ಕೆಲಸಕ್ಕೆ ತಯಾರಾಗಿಯೇ ಇದ್ದವು. ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ನೇರ ಉತ್ತರ.

ಹಾಗಾದರೆ ಇ6ಅನ್ನು ತಡೆಯುವ ಔಷಧ ಏಕಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಇ6, ಇ7ಗಳಿಗೆ ತಮ್ಮದೇ ಆದ ಕಿಣ್ವದ ಕೆಲಸವಿಲ್ಲದ ಕಾರಣ, ಸಾಮಾನ್ಯವಾಗಿ ಔಷಧದ ಸಣ್ಣ ಅಣು ಹೋಗಿ ಕೂರುವಂಥ ಕುಳಿ ಸುಲಭವಾಗಿ ಸಿಗುವುದಿಲ್ಲ. ಇ6ಎಪಿಯನ್ನೇ ನಿಲ್ಲಿಸೋಣ ಎಂದರೆ ಅದು ಮಿದುಳಿಗೆ ಬೇಕಾದ ಕಿಣ್ವ. ತಾಯಿಯಿಂದ ಬಂದ ಅದರ ಜೀನು ಕೆಟ್ಟ ಮಕ್ಕಳಿಗೆ ಏಂಜೆಲ್‌ಮನ್ ಸಿಂಡ್ರೋಮ್ ಎಂಬ ತೀವ್ರ ನರಸಂಬಂಧಿ ತೊಂದರೆ ಬರುತ್ತದೆ ಎಂದು 1997ರಿಂದ ಗೊತ್ತಿದೆ. ಇ6, ಇ7ಗಳನ್ನು ಗುರುತಿಸಿ ಕೊಲ್ಲುವಂತೆ ರೋಗಿಯ ಟಿ ಜೀವಕೋಶಗಳನ್ನು (ರಕ್ತದ ರೋಗನಿರೋಧಕ ಜೀವಕೋಶಗಳು) ತಯಾರು ಮಾಡುವ ಪ್ರಯತ್ನಗಳು ನಡೆಯುತ್ತಿವೆ. ನನಗೆ ಹೆಚ್ಚು ಭರವಸೆ ಇರುವುದು ಆ ದಾರಿಯಲ್ಲಿ.

ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ನಾನು ಈ ಚರ್ಚೆಗೆ ಬಂದದ್ದಕ್ಕೆ ಸ್ವಂತ ಕಾರಣವಿದೆ. ನಮ್ಮ ಸೋದರಮಾವನವರಿಗೆ ಟಾನ್ಸಿಲ್ ಭಾಗದಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿದೆ. ಗುಟ್ಕಾ, ಬೀಡಿ ಯಾವುದೂ ಅಭ್ಯಾಸವಿಲ್ಲದವರು. ಬಯಾಪ್ಸಿ ವರದಿಯಲ್ಲಿ ‘ಪಿ16 ಪಾಸಿಟಿವ್’ ಎಂದಿದೆ. ಪಿ16 ಕೂಡ ಗೆಡ್ಡೆ ತಡೆಯುವ ಪ್ರೋಟೀನು ಎಂದು ಓದಿದೆ. ತಡೆಯುವ ಪ್ರೋಟೀನು ಹೆಚ್ಚಾಗಿದ್ದರೆ ಗೆಡ್ಡೆ ಹೇಗೆ ಬಂತು? ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುತ್ತಿಲ್ಲ. ಕೀಮೋಥೆರಪಿ ಇಲ್ಲದೆ ಲಘುವಾದ ಚಿಕಿತ್ಸೆ ಸಾಕು ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ.

ಪೆಥಾಲಜಿಸ್ಟ್, ಜಯನಗರ

ನಿಮ್ಮ ಮಾವನವರು ಬೇಗ ಗುಣವಾಗಲಿ. ವರದಿಯನ್ನು ನಾನು ನೋಡಿಲ್ಲವಾದ್ದರಿಂದ ಸಾಮಾನ್ಯವಾಗಿ ಅನ್ವಯಿಸುವುದನ್ನಷ್ಟೇ ಹೇಳುತ್ತೇನೆ.

ಪಿ16 ಮಾಡುವ ಕೆಲಸ ಆರ್‌ಬಿಯ ಮೂಲಕವೇ ನಡೆಯಬೇಕು. ಆರ್‌ಬಿಯನ್ನು ನಿಷ್ಕ್ರಿಯಗೊಳಿಸುವ ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳನ್ನು ತಡೆದು, ಆರ್‌ಬಿ ತನ್ನ ಹಿಡಿತವನ್ನು ಉಳಿಸಿಕೊಳ್ಳುವಂತೆ ಅದು ನೋಡಿಕೊಳ್ಳುತ್ತದೆ. ಇ7 ಆರ್‌ಬಿಯನ್ನೇ ತೆಗೆದುಹಾಕಿದ ಮೇಲೆ ಪಿ16 ಎಷ್ಟಿದ್ದರೂ ಅದರ ಕೆಲಸ ಮುಂದಕ್ಕೆ ಸಾಗುವುದಿಲ್ಲ, ಜೀವಕೋಶ ಮಾತ್ರ ಅದನ್ನು ಇನ್ನಷ್ಟು, ಮತ್ತಷ್ಟು ತಯಾರಿಸುತ್ತಲೇ ಹೋಗುತ್ತದೆ. ನಾವು ಸ್ಲೈಡಿನಲ್ಲಿ ನೋಡುವುದು ಈ ಶೇಖರಣೆಯನ್ನೇ. ನಾಲ್ಕು ಮೈಕ್ರಾನ್ ದಪ್ಪದ ತುಣುಕಿಗೆ ಪಿ16 ಆಂಟಿಬಾಡಿ ಹಾಕಿ ಬಣ್ಣ ಬರಿಸಿದಾಗ, ಸುತ್ತಲಿನ ಸಾಮಾನ್ಯ ಅಂಗಾಂಶ ನೀಲಿಯಾಗಿ ಉಳಿದು, ಗೆಡ್ಡೆಯ ಜೀವಕೋಶಗಳು ಕೇಂದ್ರವೂ ಸುತ್ತಲಿನ ದ್ರವ್ಯವೂ ಸೇರಿ ಗಾಢ ಕಂದು ಬಣ್ಣಕ್ಕೆ ಬರುತ್ತವೆ. ಗಂಟಲಿನ ಈ ಭಾಗದ ಗೆಡ್ಡೆಯಲ್ಲಿ ಕನಿಷ್ಠ ಶೇ. 70ರಷ್ಟು ಜೀವಕೋಶಗಳು ಹೀಗೆ ಬಣ್ಣ ಪಡೆದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತೇವೆ. ಇಲ್ಲೊಂದು ಹತ್ತು ಅಲ್ಲೊಂದು ಹತ್ತು ಕಂದು ಜೀವಕೋಶಗಳಿದ್ದರೆ ಅದಕ್ಕೆ ಅರ್ಥವಿಲ್ಲ. ಬಾಯಿಯ ಒಳಗೆ, ಅಂದರೆ ಕೆನ್ನೆ, ವಸಡು, ನಾಲಿಗೆಯ ಮುಂಭಾಗದಲ್ಲಿ ಬರುವ ಕ್ಯಾನ್ಸರಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ. ನಮ್ಮ ಕಡೆ ಅವು ಹೆಚ್ಚಾಗಿ ತಂಬಾಕಿನಿಂದ ಬಂದವು, ಅವುಗಳಲ್ಲಿ ಪಿ53 ಜೀನೇ ಕೆಟ್ಟಿರುವುದು ಸಾಮಾನ್ಯ.

ಟಾನ್ಸಿಲ್ ಭಾಗದಲ್ಲಿ, ತಂಬಾಕಿನ ಅಭ್ಯಾಸವಿಲ್ಲದವರಲ್ಲಿ, ಪಿ16 ಪಾಸಿಟಿವ್ ಎಂದರೆ ಎಚ್‌ಪಿವಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಇಂಥ ಗೆಡ್ಡೆಗಳು ವಿಕಿರಣ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತವೆ, ಫಲಿತಾಂಶವೂ ತಂಬಾಕಿನಿಂದ ಬಂದವುಗಳಿಗಿಂತ ಉತ್ತಮ. ಪಿ53 ಜೀನು ಕೆಡದೆ ಉಳಿದಿರುವುದು ಇದಕ್ಕೆ ಒಂದು ಕಾರಣವಿರಬಹುದು ಎಂದು ಅನೇಕರು ಭಾವಿಸುತ್ತಾರೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದರೆ, ಅಂತರರಾಷ್ಟ್ರೀಯ ವರ್ಗೀಕರಣದ ಎಂಟನೆಯ ಆವೃತ್ತಿಯಿಂದ ಪಿ16 ಪಾಸಿಟಿವ್ ಇರುವ ಗಂಟಲಿನ ಕ್ಯಾನ್ಸರಿಗೆ ಹಂತಗಳನ್ನೇ ಬೇರೆಯಾಗಿ ಎಣಿಸುತ್ತಾರೆ.

ಇನ್ನು ಲಘು ಚಿಕಿತ್ಸೆಯ ಮಾತು. ಸ್ಪಂದನೆ ಚೆನ್ನಾಗಿರುವುದರಿಂದ ಸಿಸ್‌ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧದ ಬದಲು ಅಡ್ಡಪರಿಣಾಮ ಕಡಿಮೆಯಿರಬಹುದೆಂದು ಎಣಿಸಿದ್ದ ಸಿಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರ ಕೊನೆಯಲ್ಲಿ ಬಂತು. ಎರಡರಲ್ಲೂ ಸಿಟುಕ್ಸಿಮ್ಯಾಬ್ ಪಡೆದವರಲ್ಲೇ ಹೆಚ್ಚು ಮಂದಿ ತೀರಿಕೊಂಡಿದ್ದರು. ಹೀಗಿರುವಾಗ ಪಿ16 ಪಾಸಿಟಿವ್ ಎಂಬ ಒಂದು ಸಾಲನ್ನು ಹಿಡಿದು ಕೀಮೋಥೆರಪಿಯನ್ನು ಬಿಡುವ ತೀರ್ಮಾನವನ್ನು ಮನೆಯವರು ಮಾಡಬಾರದು. ಹಂತ ಯಾವುದು, ಕತ್ತಿನ ಗಂಟುಗಳಿಗೆ ಹರಡಿದೆಯೇ, ಮೂತ್ರಪಿಂಡ ಮತ್ತು ಕಿವಿ ಸಿಸ್‌ಪ್ಲಾಟಿನ್ ತಾಳುವ ಸ್ಥಿತಿಯಲ್ಲಿವೆಯೇ ಎಂಬುದನ್ನು ಚಿಕಿತ್ಸೆ ಕೊಡುವ ಆಂಕಾಲಜಿಸ್ಟರನ್ನು ಕೇಳಿ. ಬಯಾಪ್ಸಿಯ ಬ್ಲಾಕ್ ಮತ್ತು ಸ್ಲೈಡುಗಳನ್ನು ಆಸ್ಪತ್ರೆಯಿಂದ ಪಡೆದುಕೊಳ್ಳುವ ಹಕ್ಕು ನಿಮಗಿದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ವರದಿಯ ಜೊತೆ ಅವನ್ನೂ ತೆಗೆದುಕೊಂಡು ಹೋಗಿ, ಮತ್ತು ಎಚ್‌ಪಿವಿಯ ಇ6, ಇ7 ಆರ್‌ಎನ್‌ಎ ಇದೆಯೇ ಎಂದು ನೇರವಾಗಿ ನೋಡುವ ಪರೀಕ್ಷೆ ಅಲ್ಲಿ ಲಭ್ಯವಿದೆಯೇ ಎಂದು ವಿಚಾರಿಸಿ.